ವಿಶ್ವವಿದ್ಯಾನಿಲಯದ ಜಾಲಪುಟವೂ ಕನ್ನಡ ಅಕ್ಷರವೂ: ಬೀದರ ಸೀಮೆಯ ಓದುಗನನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ವಿಶ್ವವಿದ್ಯಾನಿಲಯವೊಂದರ ಜಾಲತಾಣವನ್ನು ರೂಪಿಸುವುದು ಅಲಂಕಾರದ ಕೆಲಸವೆಂದು ನಮ್ಮಲ್ಲಿ ಬಹುಮಂದಿ ಭಾವಿಸಿರುವರು. ಬಣ್ಣಗಳನ್ನು ಆಯುವುದು, ಮಹಾದ್ವಾರದ ಚಿತ್ರವನ್ನು ಮೇಲ್ಭಾಗದಲ್ಲಿ ಇರಿಸುವುದು, ಕುಲಪತಿಗಳ ಸಂದೇಶಕ್ಕೆ ಚೌಕಟ್ಟು ಹಾಕುವುದು, ಇಷ್ಟಕ್ಕೆ ವಿನ್ಯಾಸಕಾರನ ಕರ್ತವ್ಯ ಮುಗಿಯಿತೆಂದು ತಿಳಿಯುವವರೇ ಹೆಚ್ಚು. ಈಚೆಗೆ ಒಂದು ವಿಶ್ವವಿದ್ಯಾನಿಲಯದ ಕನ್ನಡ ಪುಟಗಳನ್ನು ಹೊಸದಾಗಿ ರೂಪಿಸುವ ಹೊಣೆ ಹೊತ್ತಿದ್ದ ತರುಣ ವಿನ್ಯಾಸಕಾರರೊಬ್ಬರ ಜೊತೆಯಲ್ಲಿ, ಭಾಷೆಯ ಮಟ್ಟಿಗೆ ಸಲಹೆ ಕೊಡುವುದಕ್ಕಾಗಿ, ಕೆಲವು ದಿನ ಕುಳಿತುಕೊಳ್ಳುವ ಸಂದರ್ಭ ಈ ಲೇಖಕನಿಗೆ ಒದಗಿತು. ಅಲ್ಲಿಯವರೆಗೆ ತಾನೂ ಆ ಬಹುಮಂದಿಯಲ್ಲಿ ಒಬ್ಬನಾಗಿದ್ದೆನೆಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ. ಆ ಕೆಲಸದ ಮುಕ್ಕಾಲು ಪಾಲು ಬಣ್ಣಕ್ಕೆ ಸಂಬಂಧಿಸಿದ್ದಾಗಿರಲಿಲ್ಲ, ಅಕ್ಷರಕ್ಕೆ ಸಂಬಂಧಿಸಿದ್ದಾಗಿತ್ತು. ಅದರ ಸ್ವರೂಪವನ್ನು ಭಾಷಾಶಾಸ್ತ್ರದ ಮತ್ತು ಸಾಹಿತ್ಯದ ಅಭ್ಯಾಸಿಗಳಿಗೆ ತಿಳಿಯಪಡಿಸುವುದು ಈ ಲೇಖನದ ಉದ್ದೇಶ.

ಮೊದಲ ದಿನವೇ ಆ ವಿನ್ಯಾಸಕಾರರು ಒಂದು ಪ್ರಶ್ನೆಯನ್ನು ಮುಂದಿಟ್ಟರು: “ಈ ಪುಟವನ್ನು ಯಾರು, ಎಲ್ಲಿ ಕುಳಿತು ಓದುತ್ತಾರೆ?” ಉತ್ತರವಾಗಿ ನಾವು ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಂಡೆವು. ಆಕೆಯ ಊರು ಬೀದರ ಜಿಲ್ಲೆಯ ಉತ್ತರದಲ್ಲಿ, ಔರಾದ ಸೀಮೆಯ ಡಾಬಕಾ. ಮನೆಯಲ್ಲಿ ಗಣಕಯಂತ್ರವಿಲ್ಲ, ಅಣ್ಣನ ಮೊಬೈಲ್ ಇದೆ. ಪರೀಕ್ಷಾ ಶುಲ್ಕ ಕಟ್ಟಲು ಕಡೆಯ ದಿನ ಯಾವುದೆಂಬುದು ಆಕೆಗೆ ಬೇಕಾಗಿದೆ. ಆ ದಿನ ತಪ್ಪಿದರೆ ದಂಡ. ಇನ್ನೂ ತಪ್ಪಿದರೆ ಪರೀಕ್ಷೆಯೇ ಇಲ್ಲ. ಈ ಕಲ್ಪಿತ ಓದುಗಳನ್ನು ನಾವು ಕೊನೆಯವರೆಗೆ ಬಿಡಲಿಲ್ಲ.

ಡಾಬಕಾವನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಆ ಭಾಗದ ವಿದ್ಯಾರ್ಥಿಗೂ ಅವನ ವಿಶ್ವವಿದ್ಯಾನಿಲಯಕ್ಕೂ ನಡುವಣ ದೂರ, ನೆಲದ ದೂರವೂ ಭಾಷೆಯ ದೂರವೂ, ಕಳೆದ ನೂರು ವರ್ಷಗಳಲ್ಲಿ ಹಲವು ಸಲ ಬದಲಾಗಿದೆ. ಬೀದರ ಜಿಲ್ಲೆ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ಉನ್ನತ ಶಿಕ್ಷಣವೆಂದರೆ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯ. ಅಲ್ಲಿಯ ಬೋಧನಭಾಷೆ ಉರ್ದು. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಗೊಂಡಾಗ ಬೀದರ, ಭಾಲ್ಕಿ, ಔರಾದ, ಹುಮನಾಬಾದ್ ತಾಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಉದಗೀರ ಮೊದಲಾದ ಮರಾಠಿ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಆಮೇಲೆ ಇಲ್ಲಿಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ಅಧೀನಕ್ಕೂ, 1980ರಿಂದ ಗುಲಬರ್ಗಾ ವಿಶ್ವವಿದ್ಯಾನಿಲಯದ ಅಧೀನಕ್ಕೂ ಬಂದವು. 2023ರಲ್ಲಿ ಬೀದರ ವಿಶ್ವವಿದ್ಯಾನಿಲಯ ಆರಂಭವಾಗಿ, ಅದರ ಕೇಂದ್ರ ಭಾಲ್ಕಿ ತಾಲೂಕಿನ ಹಾಲಹಳ್ಳಿಯಲ್ಲಿ ನೆಲೆಗೊಂಡಿತು. ಧಾರವಾಡದಿಂದ ಹಾಲಹಳ್ಳಿಗೆ, ಉರ್ದುವಿನಿಂದ ಕನ್ನಡಕ್ಕೆ, ವಿಶ್ವವಿದ್ಯಾನಿಲಯ ಈ ವಿದ್ಯಾರ್ಥಿನಿಯ ಕಡೆಗೆ ಬಹುದೂರ ನಡೆದುಬಂದಿದೆ. ಉಳಿದಿರುವ ಕಡೆಯ ಗೇಣು ಅವಳ ಅಂಗೈಯಲ್ಲಿರುವ ಮೊಬೈಲಿನ ಪರದೆ. ಅಲ್ಲಿ ಮುಗ್ಗರಿಸಿದರೆ ಹಿಂದಿನ ನಡಿಗೆಯೆಲ್ಲ ಅವಳ ಪಾಲಿಗೆ ವ್ಯರ್ಥವಾದಂತೆಯೇ ಸರಿ.

ಹೊಸ ತಾಣಕ್ಕೆ ವರ್ಗಾಯಿಸಬೇಕಾಗಿದ್ದ ಹಳೆಯ ಬರಹಗಳನ್ನು ನೋಡಿದಾಗ ಅವು ಎರಡು ಬಗೆಯಾಗಿದ್ದವು. ಕೆಲವು ಚಿತ್ರಗಳಾಗಿದ್ದವು, ಇವುಗಳ ಮಾತನ್ನು ಮುಂದೆ ಎತ್ತಿಕೊಳ್ಳುವೆನು. ಮಿಕ್ಕವು ಹೊರನೋಟಕ್ಕೆ ಶುದ್ಧ ಕನ್ನಡದ ಬರಹಗಳು. ಆದರೆ ಯಂತ್ರದ ಒಳಗೆ ಅವು ಕನ್ನಡವೇ ಆಗಿರಲಿಲ್ಲ. ಇದು ಒಗಟಿನಂತೆ ತೋರಬಹುದಾದುದರಿಂದ ಸ್ವಲ್ಪ ವಿವರಿಸಬೇಕು.

ಗಣಕಯಂತ್ರವು ಅಕ್ಷರವನ್ನು ಅರಿಯದು. ಸಂಖ್ಯೆಯನ್ನು ಮಾತ್ರ ಅರಿಯುವುದು. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಒಪ್ಪಂದ ಮೊದಲು ರೋಮನ್ ಲಿಪಿಗೆ ಮಾತ್ರ ಗಟ್ಟಿಯಾಗಿತ್ತು. ಭಾರತೀಯ ಲಿಪಿಗಳಿಗಾಗಿ ‘ಇಸ್ಕಿ’ ಎಂಬ ರಾಷ್ಟ್ರೀಯ ಶಿಷ್ಟತೆಯೊಂದು 1991ರಲ್ಲಿ ಅಂಗೀಕೃತವಾಯಿತಾದರೂ ದಿನಬಳಕೆಯ ಯಂತ್ರಗಳಲ್ಲಿ ಅದು ಬೇರೂರಲಿಲ್ಲ. ಆದುದರಿಂದ ಕನ್ನಡದ ತಂತ್ರಾಂಶಗಳನ್ನು ರಚಿಸಿದವರು ಒಂದು ಉಪಾಯ ಹೂಡಿದರು: ರೋಮನ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳನ್ನೇ ಇಟ್ಟುಕೊಂಡು, ಪರದೆಯ ಮೇಲೆ ಅವು ಮೂಡುವ ಆಕಾರವನ್ನು ಮಾತ್ರ ಕನ್ನಡಕ್ಕೆ ಬದಲಾಯಿಸಿದರು. ಇದು ಅಚ್ಚುಮೊಳೆಯ ಕ್ರಮ. ಮುದ್ರಣಾಲಯದಲ್ಲಿ ಮೊಳೆ ಜೋಡಿಸುವವನು ಮೈಯನ್ನು ಒಂದು ಮನೆಯಿಂದಲೂ ಒತ್ತನ್ನು ಇನ್ನೊಂದು ಮನೆಯಿಂದಲೂ ಎತ್ತಿಕೊಳ್ಳುತ್ತಿದ್ದಂತೆ, ಇಲ್ಲಿಯೂ ‘ಕ’ಕಾರದ ಮೈ ಒಂದು ಸಂಕೇತ, ತಲೆಕಟ್ಟು ಇನ್ನೊಂದು ಸಂಕೇತ. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದಾಗ ಯಂತ್ರದ ಒಳಗೆ ಅದು ಏಳು ಸಂಕೇತಗಳಾಗಿ ಇರುವುದು: ರೋಮನ್ನಿನ ದೊಡ್ಡ ‘ಪಿ’, ನೆತ್ತಿಯ ಮೇಲೆ ಓರೆಗೆರೆಯುಳ್ಳ ‘ಎ’, ಆಂಗ್ಲರ ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಆ ಓರೆಗೆರೆಯ ‘ಎ’, ಜರ್ಮನ್ ಭಾಷೆಯಲ್ಲಿ ಮಾತ್ರ ಕಾಣುವ ಜೋಡಿ ‘ಎಸ್’, ಚಿಕ್ಕ ‘ಕ್ಯೂ’, ಕಡೆಗೆ ಇನ್ನೊಮ್ಮೆ ಅದೇ ‘ಎ’. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಈ ಸಂತೆಯೇ ಹೊರತು ಕನ್ನಡವಲ್ಲ.

ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದೇವರ ಹೆಸರನ್ನು ಬೀದರ ಸೀಮೆಯಲ್ಲಿ ಕೇಳದವರಿಲ್ಲ. ನಿಜಾಮರ ಕಾಲದಲ್ಲಿ ಹೊರಗೆ ಉರ್ದುವಿನ ಫಲಕವನ್ನು ಹಾಕಿಸಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದವರೆಂದು ಜನರು ಅವರನ್ನು ಇಂದಿಗೂ ನೆನೆಯುವರು. ನಮ್ಮ ಮುಂದಿದ್ದ ಬರಹಗಳ ಸ್ಥಿತಿ ಇದಕ್ಕೆ ತಿರುಗುಮುರುಗು: ಹೊರಗೆ ಕನ್ನಡದ ಫಲಕ, ಒಳಗೆ ರೋಮನ್. ಡಾಬಕಾದ ವಿದ್ಯಾರ್ಥಿನಿ ಮೊಬೈಲಿನಲ್ಲಿ “ಪರೀಕ್ಷಾ ಶುಲ್ಕ” ಎಂದು ಒತ್ತಿ ಹುಡುಕಿದರೆ, ಆ ಎರಡು ಪದಗಳು ಸುತ್ತೋಲೆಯಲ್ಲಿ ದಪ್ಪಕ್ಷರದಲ್ಲಿಯೇ ಇದ್ದರೂ, ಹುಡುಕುವ ಯಂತ್ರಕ್ಕೆ ಅವು ಕಾಣಿಸವು. ಅಲ್ಲಿರುವುದು ಆ ಪದಗಳಲ್ಲ, ಅವುಗಳ ವೇಷ.

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯ ತಂತ್ರಾಂಶಗಳನ್ನು ರಚಿಸಿದವರನ್ನು ಹಳಿಯುವುದು ಕೃತಘ್ನತೆಯಾದೀತು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಹೊರಬಂದಾಗ, ಅದರ ಹಿಂದೆಯೇ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಕಚೇರಿಗಳಿಗೆ ಬಂದಾಗ, ಕನ್ನಡಕ್ಕೆ ಬೇರೆ ದಾರಿಯೇ ಇರಲಿಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಇಂದಿಗೂ ನಮ್ಮ ಬೆರಳುಗಳಲ್ಲಿದೆ. ಯೂನಿಕೋಡ್ ಎಂಬ ಸರ್ವಲಿಪಿ ಸಂಕೇತಾವಳಿಯ ಮೊದಲ ಆವೃತ್ತಿ 1991ರಲ್ಲಿ ಪ್ರಕಟವಾದಾಗಲೇ ಅದರಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಪಾಳಿ ದೊರಕಿತ್ತು, ನಿಜ. ಆದರೆ ಆ ಸಂಕೇತಗಳನ್ನು ಒತ್ತಕ್ಷರ ಸಹಿತವಾಗಿ ಪರದೆಯ ಮೇಲೆ ಸರಿಯಾಗಿ ಮೂಡಿಸಬಲ್ಲ ವಿಂಡೋಸ್ ಆವೃತ್ತಿ, ಅದರೊಡನೆ ‘ತುಂಗಾ’ ಫಾಂಟು, ಬಂದುದು 2001ರಲ್ಲಿ. ಮೊಬೈಲುಗಳಿಗೆ ಆ ಸಾಮರ್ಥ್ಯ ಬರಲು ಇನ್ನೂ ಹತ್ತು ವರ್ಷ ಹಿಡಿಯಿತು. ಆ ನಡುವೆ ಬರೆದುದೆಲ್ಲವೂ ಹಳೆಯ ಮೊಳೆಗಳಲ್ಲಿಯೇ ಉಳಿಯಿತು. ದೋಷವಿರುವುದು ಅಂದು ಹಾಗೆ ಬರೆದುದರಲ್ಲಲ್ಲ, ಇಂದೂ ಹಾಗೆಯೇ ಬರೆಯುತ್ತಿರುವುದರಲ್ಲಿ.

ಯೂನಿಕೋಡಿನಲ್ಲಿ ‘ಕನ್ನಡ’ ಎಂಬುದು ಐದು ಸಂಖ್ಯೆಗಳು: 3221, 3240, 3277, 3240, 3233. ಅಂದರೆ ಕ, ನ, ಹಲಂತದ ಚಿಹ್ನೆ, ನ, ಡ. ಎರಡನೆಯ ನಕಾರ ಒತ್ತಾಗಿ ಕೆಳಗೆ ಇಳಿಯಬೇಕೆಂಬುದನ್ನು ಸಂಖ್ಯೆ ಹೇಳುವುದಿಲ್ಲ. ಅದನ್ನು ಲಿಪಿಯ ನಿಯಮವರಿತ ಫಾಂಟು ನೋಡಿಕೊಳ್ಳುವುದು. ಆಕಾರ ಬೇರೆ, ಅಕ್ಷರ ಬೇರೆ ಎಂಬ ಈ ವಿಂಗಡಣೆ ನಮ್ಮ ವ್ಯಾಕರಣಕಾರರಿಗೆ ಅಪರಿಚಿತವಾದುದೇನೂ ಅಲ್ಲ.

ಹಳೆಯ ಸಂಕೇತಗಳನ್ನು ಹೊಸದಕ್ಕೆ ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಸಾವಿರ ಪುಟಗಳನ್ನು ಅವು ಕ್ಷಣಮಾತ್ರದಲ್ಲಿ ಪರಿವರ್ತಿಸಿಕೊಡುವುವು. ಆದರೆ ವಿನ್ಯಾಸಕಾರರ ನಿಜವಾದ ಶ್ರಮ ಆರಂಭವಾದುದು ಅದಾದ ಮೇಲೆ. ಸುತ್ತೋಲೆಯ ಕನ್ನಡ ವಾಕ್ಯದ ನಡುವೆ ರೋಮನ್ ಲಿಪಿಯ ಪದವೊಂದು ಬಂದಿದ್ದರೆ, ಪರಿವರ್ತಕವು ಅದನ್ನೂ ಕನ್ನಡದ ವೇಷವೆಂದೇ ಬಗೆದು ಅರ್ಥವಿಲ್ಲದ ಅಕ್ಷರಗಳನ್ನು ಉದುರಿಸುತ್ತಿತ್ತು. ಪದವಿಗಳ ಹೆಸರುಗಳು, ವಿಷಯಗಳ ಸಂಕೇತಗಳು ಎಲ್ಲವೂ ಹೀಗೆ ಕೆಟ್ಟುದರಿಂದ ಮೂಲಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ಕಣ್ಣಾಡಿಸಬೇಕಾಯಿತು.

ಕಣ್ಣಿಗೆ ಗೋಚರಿಸದ ದೋಷಗಳು ಇನ್ನೂ ಕಠಿನ. ಅನುಸ್ವಾರಕ್ಕೂ ಕನ್ನಡದ ಸೊನ್ನೆಗೂ ಆಕಾರದಲ್ಲಿ ಭೇದ ಅತ್ಯಲ್ಪ. ಸಂಖ್ಯೆಯಲ್ಲಾದರೋ ಅನುಸ್ವಾರ 3202, ಸೊನ್ನೆ 3302. ಬೆರಳಚ್ಚಿನ ಹಳೆಯ ಅಭ್ಯಾಸದಿಂದ ಅನುಸ್ವಾರದ ಸ್ಥಾನದಲ್ಲಿ ಸೊನ್ನೆಯನ್ನು ಒತ್ತಿದ್ದ ‘ಅಂಕಪಟ್ಟಿ’ಗಳು ಸಾಕಷ್ಟು ಸಿಕ್ಕವು. ಓದುವಾಗ ಯಾರಿಗೂ ತಿಳಿಯದು; ಹುಡುಕುವಾಗ ಆ ಪದ ಸಿಕ್ಕದು. ಜಿಲ್ಲೆಯ ಹೆಸರಾದ ‘ಬೀದರ’ದ ಮೊದಲಕ್ಷರವನ್ನೇ ನೋಡಿ. ದೀರ್ಘ ಈಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ, 3264 ಎಂದು, ಬರೆಯಬಹುದು. ಹ್ರಸ್ವ ಇಕಾರದ ಗುಡಿಸಿಗೆ ದೀರ್ಘದ ಕೊಂಬನ್ನು ಸೇರಿಸಿ, 3263 ಮತ್ತು 3285 ಎಂದು, ಎರಡು ಸಂಕೇತಗಳಾಗಿಯೂ ಬರೆಯಬಹುದು. ಇವೆರಡೂ ಸಮಾನವೆಂಬುದು ಯೂನಿಕೋಡಿನ ನಿಯಮ. ಆದರೆ ಆ ನಿಯಮವನ್ನು ಅನ್ವಯಿಸಬೇಕಾದ ತಂತ್ರಾಂಶ ಅನ್ವಯಿಸದೆ ಬಿಟ್ಟರೆ, ಒಂದೇ ಬೀದರ ಎರಡಾಗುವುದು. ಫಲಿತಾಂಶದ ಪುಟಗಳಲ್ಲಿ ‘ರ‍್ಯಾಂಕ್’ ಎಂಬ ಪದ ಇನ್ನೊಂದು ತೊಡಕು. ಇಲ್ಲಿ ರಕಾರ ಅರ್ಕಾವೊತ್ತಾಗದೆ ಪೂರ್ಣರೂಪದಲ್ಲಿ ನಿಂತು ಯಕಾರ ಒತ್ತಾಗಬೇಕಾದರೆ, ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಸಂಕೇತವನ್ನು ಇಡಬೇಕು. ಕೆಲವರು ಇಟ್ಟಿದ್ದರು, ಕೆಲವರು ಬಿಟ್ಟಿದ್ದರು. ವಿನ್ಯಾಸಕಾರರು ಎಲ್ಲ ಬರಹವನ್ನೂ ಒಂದೇ ಪಡಿಯಚ್ಚಿಗೆ ತಂದುದಲ್ಲದೆ, ಹುಡುಕುವವರು ಹೇಗೆ ಒತ್ತಿದರೂ ಒಂದೇ ಫಲ ಬರುವಂತೆ ಏರ್ಪಡಿಸಿದರು. ಹೊರಗೆ ಕಾಣಿಸದ ಈ ಕೆಲಸಕ್ಕೆ ಹಿಡಿದ ಕಾಲ, ಮುಖಪುಟದ ಚಿತ್ರಾಲಂಕಾರಕ್ಕೆ ಹಿಡಿದ ಕಾಲದ ಹಲವು ಪಟ್ಟು.

ಇನ್ನು ಚಿತ್ರಗಳ ಮಾತು. ಸುತ್ತೋಲೆಯನ್ನು ಕಚೇರಿಯಲ್ಲಿ ಬೆರಳಚ್ಚು ಮಾಡಿ, ಕಾಗದದ ಮೇಲೆ ಅಚ್ಚಿಸಿ, ಕುಲಸಚಿವರ ಸಹಿಯನ್ನೂ ಮೊಹರನ್ನೂ ಹಾಕಿಸಿ, ಅನಂತರ ಆ ಕಾಗದದ ಪ್ರತಿಬಿಂಬವನ್ನು ಜಾಲತಾಣಕ್ಕೆ ಏರಿಸುವುದು ನಮ್ಮ ಕಚೇರಿಗಳಲ್ಲಿ ರೂಢಿಯಾಗಿದೆ. ಹೀಗೆ ಏರಿದುದು ಬರಹವಲ್ಲ, ಬರಹದ ಛಾಯಾಚಿತ್ರ. ಇದಕ್ಕೆ ಹೋಲುವ ನಿದರ್ಶನ ಹೈದರಾಬಾದ್ ಸೀಮೆಯ ಹಿರಿಯರಿಗೆ ಪರಿಚಿತವಾದುದೇ. ಉರ್ದುವಿನ ನಸ್ತಾಲೀಖ್ ಲಿಪಿಯನ್ನು ಅಚ್ಚುಮೊಳೆಗಳಲ್ಲಿ ಒಡೆಯುವುದು ದುಸ್ಸಾಧ್ಯವಾದುದರಿಂದ ಉರ್ದು ಪುಸ್ತಕಗಳು ಬಹುಕಾಲ ಶಿಲಾಮುದ್ರಣದಲ್ಲಿ ಹೊರಬಂದವು. 1858ರಲ್ಲಿ ಲಖನೌದಲ್ಲಿ ಆರಂಭವಾದ ನವಲ ಕಿಶೋರ್ ಮುದ್ರಣಾಲಯ ಇದಕ್ಕೆ ಹೆಸರಾಗಿತ್ತು. ಕಾತಿಬನು ಕೈಯಿಂದ ಬರೆದ ಪುಟವೇ ಕಲ್ಲಿಗೆ ಇಳಿದು ಇಡಿಯಾಗಿ ಅಚ್ಚಾಗುತ್ತಿತ್ತು. ಸೊಗಸಿಗೆ ಕೊರತೆಯಿರಲಿಲ್ಲ. ಆದರೆ ಒಂದು ಪದವನ್ನು ತಿದ್ದಬೇಕಾದರೆ ಕಲ್ಲಿನ ಮೇಲೆ ಕೈಯಾಡಿಸಬೇಕಾಗುತ್ತಿತ್ತು. ಜೋಡಿಸಿದ ಮೊಳೆಯಂತೆ ಅದನ್ನು ಕಿತ್ತು ಬೇರೆಡೆ ಇಡುವಂತಿರಲಿಲ್ಲ. ನಮ್ಮ ಪ್ರತಿಬಿಂಬದ ಸುತ್ತೋಲೆಗಳು ಇಪ್ಪತ್ತೊಂದನೆಯ ಶತಮಾನದ ಶಿಲಾಮುದ್ರಣಗಳು, ಆ ಸೊಗಸೊಂದನ್ನು ಬಿಟ್ಟು. ಬೀದರದಲ್ಲಿ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾದ ಗೋಡೆಯ ಮೇಲೆ ಬಣ್ಣದ ಹೆಂಚುಗಳಲ್ಲಿ ಮೂಡಿರುವ ಅಕ್ಷರಗಳನ್ನು ಕಂಡವರು ಮರೆಯಲಾರರು. ಆದರೆ ಪ್ರವೇಶದ ಕಡೆಯ ದಿನವನ್ನು ತಿಳಿಯಲು ಯಾರೂ ಗೋಡೆಯನ್ನು ನೋಡುತ್ತಿರಲಿಲ್ಲವಷ್ಟೆ.

ಖರ್ಚಿನ ಲೆಕ್ಕವೂ ಅಲಕ್ಷ್ಯಮಾಡತಕ್ಕದ್ದಲ್ಲ. ಯೂನಿಕೋಡಿನ ಕನ್ನಡ ಸಂಕೇತವೊಂದು ಜಾಲದಲ್ಲಿ ಸಾಗುವಾಗ 3 ಬೈಟುಗಳನ್ನು ಆಕ್ರಮಿಸುವುದು. ಎರಡು ಸಾವಿರ ಸಂಕೇತಗಳ ಸುತ್ತೋಲೆಗೆ ಆರು ಸಾವಿರ ಬೈಟು ಸಾಕು. ಅದೇ ಕಾಗದದ ಪ್ರತಿಬಿಂಬ ಸಾಮಾನ್ಯವಾಗಿ ಕೆಲವು ಲಕ್ಷ ಬೈಟುಗಳನ್ನು ತಿನ್ನುವುದು. ಸಂಪರ್ಕ ದುರ್ಬಲವಾಗಿರುವ ಕಡೆ ಮೊದಲನೆಯದು ಥಟ್ಟನೆ ತೆರೆಯುವುದು, ಎರಡನೆಯದು ಅರ್ಧಕ್ಕೆ ನಿಲ್ಲುವುದು. ತೆರೆದರೂ, ಅಂಗೈಯಗಲದ ಪರದೆಯಲ್ಲಿ ಪೂರ್ಣ ಕಾಗದವೊಂದರ ಚಿತ್ರವನ್ನು ಹಿಗ್ಗಿಸಿ, ಎಡಕ್ಕೂ ಬಲಕ್ಕೂ ಎಳೆದಾಡುತ್ತ ಓದಬೇಕು.

ಸಹಿಯಿಲ್ಲದ ಸುತ್ತೋಲೆಯನ್ನು ನಂಬುವುದು ಹೇಗೆಂದು ಆಡಳಿತ ವಿಭಾಗದವರು ಕೇಳಿದರು. ಆಕ್ಷೇಪ ನ್ಯಾಯವಾದುದೇ. ಬಹಳ ಚರ್ಚೆಯ ಮೇಲೆ ಒಂದು ಒಪ್ಪಂದಕ್ಕೆ ಬರಲಾಯಿತು: ಸುತ್ತೋಲೆಯ ಪೂರ್ಣಪಾಠ ಪುಟದಲ್ಲಿ ಬರಹವಾಗಿಯೇ ಇರಬೇಕು, ಸಹಿಯುಳ್ಳ ಕಾಗದದ ಪ್ರತಿಬಿಂಬ ಅದರ ಕೆಳಗೆ ಲಗತ್ತಾಗಿರಬೇಕು. ಇದರಿಂದ ಗುಮಾಸ್ತರಿಗೆ ಒಂದು ಕೆಲಸ ಹೆಚ್ಚಾಯಿತು. ಹೀಗೆ ಹೆಚ್ಚಾದುದನ್ನು ಮುಚ್ಚಿಟ್ಟು ಹೊಸ ವ್ಯವಸ್ಥೆಯನ್ನು ಹೊಗಳುವುದು ಪ್ರಾಮಾಣಿಕತೆಯಲ್ಲ. ಆದರೆ ಒಬ್ಬರ ಹತ್ತು ನಿಮಿಷ ಉಳಿಯಲೆಂದು ಸಾವಿರ ಜನರು ಪರದಾಡುವುದಕ್ಕಿಂತ ಇದು ಲೇಸು.

ಚಿತ್ರವಾಗಿರುವ ಬರಹದಿಂದ ಅತ್ಯಂತ ಹಾನಿಗೊಳ್ಳುವವರು ಅಂಧ ವಿದ್ಯಾರ್ಥಿಗಳು. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶಗಳು ಕನ್ನಡಕ್ಕೂ ಉಂಟು, ಉಚಿತವಾಗಿಯೇ ಉಂಟು. ಯೂನಿಕೋಡಿನ ಬರಹವನ್ನು ಅವು ಕನ್ನಡವೆಂದೇ ಉಚ್ಚರಿಸುವುವು. ಹಳೆಯ ಫಾಂಟಿನ ಬರಹವನ್ನು ರೋಮನ್ ಅಕ್ಷರಗಳ ಗೊಂದಲವಾಗಿ ಓದುವುವು. ಚಿತ್ರದ ಎದುರು ಮೌನವಾಗುವುವು. ವಿಕಲಚೇತನರ ಹಕ್ಕುಗಳನ್ನು ಕುರಿತ 2016ರ ಅಧಿನಿಯಮ ಇಂತಹ ಮಾಹಿತಿ ಅವರಿಗೂ ಎಟಕುವಂತಿರಬೇಕೆಂದು ವಿಧಿಸಿದೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪುಟದ ಭಾಷೆ ಯಾವುದೆಂಬುದನ್ನು ಅದರ ಒಳಬರಹದಲ್ಲಿ ಎರಡು ರೋಮನ್ ಅಕ್ಷರಗಳಿಂದ ಸೂಚಿಸುವ ಕ್ರಮವುಂಟು. ಕನ್ನಡಕ್ಕೆ ‘ಕೆ’ ಮತ್ತು ‘ಎನ್’. ಇದನ್ನು ಬರೆಯದಿದ್ದರೆ ಓದುವ ತಂತ್ರಾಂಶ ಆಂಗ್ಲಧ್ವನಿಯಿಂದ ಕನ್ನಡವನ್ನು ಓದಹೊರಟು ತೊದಲಬಹುದು.

ಕಣ್ಣಿಗೆ ಕಾಣುವ ವಿನ್ಯಾಸದ ವಿಚಾರ ಸಂಕ್ಷೇಪವಾಗಿ ಹೇಳಬಹುದು. ರೋಮನ್ ಲಿಪಿಗೆ ಒಗ್ಗಿದ ಅಳತೆಗಳು ಕನ್ನಡಕ್ಕೆ ಒಗ್ಗುವುದಿಲ್ಲ. ಕನ್ನಡದ ಸಾಲು ಕೆಳಕ್ಕೆ ಒತ್ತುಗಳನ್ನು ಇಳಿಬಿಡುವುದು. ‘ಸ್ತ್ರೀ’, ‘ರಾಷ್ಟ್ರ’ ಮುಂತಾದೆಡೆ ಒತ್ತಿನ ಮೇಲೆ ಒತ್ತು ಬರುವುದು. ಸಾಲಿಗೂ ಸಾಲಿಗೂ ನಡುವೆ ರೋಮನ್ನಿಗೆ ಸಾಕಾಗುವ ಅಂತರವನ್ನೇ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ತಿವಿಯುವುದು. ವಿನ್ಯಾಸಕಾರರು ಮೊದಲು ಅಕ್ಷರದ ಎತ್ತರದ ಒಂದೂಕಾಲು ಪಟ್ಟು ಇಟ್ಟು ನೋಡಿ, ಕಡೆಗೆ ಒಂದೂ ಮುಕ್ಕಾಲರ ಹತ್ತಿರ ನಿಂತರು. ರೋಮನ್ನಿನಲ್ಲಿ ಶೀರ್ಷಿಕೆಗೆ ದೊಡ್ಡಕ್ಷರಗಳಿವೆ, ಒತ್ತಿಹೇಳಲು ಓರೆಯಕ್ಷರಗಳಿವೆ. ಕನ್ನಡಕ್ಕೆ ಮೊದಲನೆಯದು ಇಲ್ಲ, ಎರಡನೆಯದು ಒಪ್ಪುವುದಿಲ್ಲ; ದುಂಡಾದ ಅಕ್ಷರ ಓರೆಯಾದರೆ ಉರುಳಿಬಿದ್ದಂತೆ ತೋರುವುದು. ಗಾತ್ರ, ತೂಕ, ಸುತ್ತಣ ಬಿಡುವು, ಈ ಮೂರರಿಂದಲೇ ಶೀರ್ಷಿಕೆಯನ್ನು ಎತ್ತಿತೋರಿಸಬೇಕಾಯಿತು. ನಮ್ಮ ಸಮಾಸಪದಗಳ ಉದ್ದವೂ ಅವರನ್ನು ಕಾಡಿತು. ‘ಪರೀಕ್ಷಾಂಗಕುಲಸಚಿವರವರಿಂದ’ ಎಂಬುದು ಸಣ್ಣ ಪರದೆಯ ಒಂದು ಸಾಲನ್ನೇ ನುಂಗಿ ಅಂಚಿನಾಚೆಗೆ ಹೋಗಿತ್ತು. ಅಲ್ಲಿ ವಿನ್ಯಾಸವನ್ನು ತಿದ್ದುವುದಕ್ಕಿಂತ ಭಾಷೆಯನ್ನು ತಿದ್ದುವುದೇ ಮೇಲೆಂದು ಈ ಲೇಖಕನು ಸೂಚಿಸಿದನು. ಪದವನ್ನು ಬಿಡಿಸಿ ಬರೆಯಲಾಯಿತು.

ಭಾಷೆಯ ವಿಷಯದಲ್ಲಿ ನಮಗೆ ಎದುರಾದುದು ಯಂತ್ರಾನುವಾದದ ಅಭ್ಯಾಸ. ಪುಟವನ್ನು ಮೊದಲು ಆಂಗ್ಲಭಾಷೆಯಲ್ಲಿ ಸಿದ್ಧಪಡಿಸಿ, ‘ಕನ್ನಡ’ ಎಂಬ ಗುಂಡಿಯೊಂದನ್ನು ಮೂಲೆಯಲ್ಲಿಟ್ಟು, ಅದನ್ನು ಒತ್ತಿದಾಗ ಯಂತ್ರವೇ ಭಾಷಾಂತರಿಸಲೆಂದು ಬಿಡುವುದು ಈಗ ಸುಲಭ. ಮುಖಪುಟ ಎಂದಿರಬೇಕಾದ ಕಡೆ ‘ಮನೆ’ ಎಂದು ಬಂದುದನ್ನು ಕಂಡು ನಗಬಹುದು. ಆದರೆ ಪರೀಕ್ಷೆಯ ನಿಯಮದಲ್ಲಿ ‘ಬಹುದು’ ಎಂಬುದಕ್ಕೂ ‘ತಕ್ಕದ್ದು’ ಎಂಬುದಕ್ಕೂ ಅಂತರ ತಪ್ಪಿದರೆ ನಗುವ ವಿಷಯವಲ್ಲ. ನಿಯಮಗಳ ಪುಟಗಳನ್ನು ಮನುಷ್ಯರೇ ಬರೆಯಬೇಕೆಂದು ನಾವು ಹಟಹಿಡಿದೆವು. ಡಾಬಕಾದ ಕಡೆ ಮನೆಮಾತು ಮರಾಠಿಯಾಗಿರುವ, ಬೀದರ ಪಟ್ಟಣದಲ್ಲಿ ಉರ್ದುವಾಗಿರುವ ವಿದ್ಯಾರ್ಥಿಗಳು ಅನೇಕರು. ಅವರಿಗೆ ಕನ್ನಡದ ಸುತ್ತೋಲೆ ಸರಳವಾಗಿದ್ದಷ್ಟೂ ಅನುಕೂಲ. ಊರಿನ ಹೆಸರುಗಳಲ್ಲಂತೂ ಬೀದರ, ಬೀದರ್, ಔರಾದ, ಔರಾದ್, ಡಾಬಕಾ, ಡಾಬಕ ಎಂದು ಎರಡೆರಡು ರೂಪಗಳು ಬಳಕೆಯಲ್ಲಿರುವುದರಿಂದ, ಅರ್ಜಿಯಲ್ಲಿ ಯಾವ ರೂಪವನ್ನು ಬರೆದರೂ ಒಂದೇ ಊರೆಂದು ಗ್ರಹಿಸುವಂತೆ ಪಟ್ಟಿಯನ್ನು ಮಾಡಲಾಯಿತು.

ಕೆಲಸ ಪೂರ್ಣವಾಗಿದೆಯೆಂದು ಹೇಳಲಾಗದು. ಹೊಸ ಸುತ್ತೋಲೆಗಳು ಬರಹವಾಗಿಯೇ ಏರುತ್ತಿವೆ. ಹಳೆಯ ಫಲಿತಾಂಶಗಳು ಇನ್ನೂ ಚಿತ್ರಗಳಾಗಿಯೇ ಉಳಿದಿವೆ. ಅಚ್ಚುಮೊಳೆಯ ಕಾಲದ ಸಂಶೋಧನ ಪತ್ರಿಕೆಗಳನ್ನು ಯಂತ್ರದಿಂದ ಓದಿಸಿ ಬರಹಕ್ಕೆ ತರುವ ಪ್ರಯತ್ನವೂ ನಡೆದಿದೆ. ಹೊಸಗನ್ನಡದ ಗದ್ಯವನ್ನು ಯಂತ್ರ ಬಹುಮಟ್ಟಿಗೆ ಸರಿಯಾಗಿ ಓದುವುದು. ಶಾಸನಪಾಠಗಳೂ ಹಳಗನ್ನಡದ ಉದ್ಧೃತಿಗಳೂ ಬಂದಾಗ ಎಡವುವುದು. ಱಕಾರವನ್ನು ಅದು ಬೇರೊಂದು ಅಕ್ಷರವೆಂದು ತಿಳಿಯುವುದು. ೞಕಾರವನ್ನು ಬಹುಪಾಲು ಗುರುತಿಸುವುದೇ ಇಲ್ಲ. ಪ್ರಾಸಂಗಿಕವಾಗಿ ಹೇಳುವುದಾದರೆ, ಯೂನಿಕೋಡಿನ ಪಟ್ಟಿಯಲ್ಲಿಯೇ ೞಕಾರಕ್ಕೆ ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಕೂಡದೆಂಬುದು ಆ ಮಂಡಲಿಯ ನಿಯಮವಾದುದರಿಂದ, ತಪ್ಪೆಂದು ಟಿಪ್ಪಣಿ ಬರೆದು ಹೆಸರನ್ನು ಹಾಗೆಯೇ ಉಳಿಸಿಕೊಂಡಿರುವರು. ಈ ಭಾಗದ ಕರಡುಗಳನ್ನು ತಿದ್ದಲು ಹಳಗನ್ನಡ ಬಲ್ಲ ವಿದ್ಯಾರ್ಥಿಗಳೇ ಬೇಕು. ವಿಭಾಗದ ಸ್ನಾತಕೋತ್ತರ ತರಗತಿಯವರಲ್ಲಿ ಆಸಕ್ತಿಯುಳ್ಳವರು ಮುಂದೆ ಬಂದರೆ, ಮೊದಲು ಕೈಗೆತ್ತಿಕೊಳ್ಳಬೇಕಾದ ಸಂಪುಟಗಳು ಆಯ್ದು ಸಿದ್ಧವಾಗಿವೆ.